ಅಪ್ಪನ ಸಫಾರಿ

ಹೋದ ವಾರ ಅಮ್ಮನ ರೇಷನ್ ಕಾರ್ಡ್ ಹುಡುಕುವುದಕ್ಕೆಂದು ಬೀರು ತೆಗೆದೆ. ಕೆಳಗಿನ ಖಾನೆ ಎಳೆದದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅಮ್ಮನ ಎರಡು ರೇಷ್ಮೆ ಸೀರೆಗಳ ಅಡಿಯಲ್ಲಿ, ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರಿನೊಳಗೆ, ಇಸ್ತ್ರಿಯ ಗೆರೆ ಕೂಡ ಮುರಿಯದ ಹಾಗೆ ಮಲಗಿತ್ತು ಅಪ್ಪನ ಸಫಾರಿ. ರೇಷನ್ ಕಾರ್ಡ್ ಮರೆತೇ ಹೋಯಿತು. ಮೂರು ವರ್ಷದ ಹಿಂದಿನ ಆ ಚಳಿಗಾಲ ಎದ್ದು ಬಂದು ಎದುರಿಗೆ ನಿಂತಿತು, ಜೊತೆಗೆ ಅದರ ಸಿಟ್ಟೂ. ದಿನ ಕಳೆದ ಹಾಗೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಸಫಾರಿ ಎಂದರೆ ಈಗಿನವರಿಗೆ ಜೀಪು, ಕಾಡು, ಹುಲಿ. ಕೆ.ಆರ್. ಪುರದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಸಫಾರಿ ಎಂದರೆ ಉಡುಪು. ಒಂದೇ ಬಟ್ಟೆಯಲ್ಲಿ ಹೊಲಿಸಿದ ಪ್ಯಾಂಟು, ಅರ್ಧ ತೋಳಿನ ಕೋಟು, ಎದೆಗೆ ಎರಡು ಸೊಂಟಕ್ಕೆ ಎರಡು ಜೇಬು. ನಾನು ಚಿಕ್ಕವಳಿದ್ದಾಗ ಮದುವೆಮನೆಗೆ ಯಾರು ಸಫಾರಿ ಹಾಕಿಕೊಂಡು ಬಂದರೂ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತಿತ್ತು, ಅವರು ಯಾರೆಂದು ಗೊತ್ತಿಲ್ಲದಿದ್ದರೂ.

ನಮ್ಮಪ್ಪನ ಹೆಸರು ಮುನಿವೆಂಕಟಪ್ಪ. ಹಳೇ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೇತ್ ಮೆಷಿನ್ ಮುಂದೆ ನಿಂತು ಆಯಸ್ಸು ಸವೆಸಿದವನು. ಫೋರ್‌ಮನ್ ಆದ ವರ್ಷ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಿಸ್ಕತ್ತು ಬಣ್ಣದ ಬಟ್ಟೆ ಕೊಂಡು, ಶಿವಾಜಿನಗರದ ಗಲ್ಲಿಯೊಂದರ ಟೈಲರ್ ಹತ್ತಿರ ಕೊಟ್ಟು, ಎರಡು ಸಲ ಟ್ರಯಲ್ ನೋಡಿ ಈ ಸಫಾರಿ ಹೊಲಿಸಿದ. ರಿಟೈರ್ ಆದ ದಿನ ಅದನ್ನೇ ಹಾಕಿಕೊಂಡು ಹೋಗಿದ್ದ. ಅವತ್ತು ತೆಗೆದ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ಬಿದ್ದ. ಅಪ್ಪ ಕುಳ್ಳ, ಮುಂದೆ ನಿಂತವರು ಎತ್ತರದವರು, ಹಾಗಾಗಿ ಫೋಟೋದಲ್ಲಿ ಕಾಣಿಸುವುದು ಹಣೆ ಮತ್ತು ಕೂದಲು ಮಾತ್ರ. ಆಮೇಲೆ ಆಗಾಗ ಅನ್ನುತ್ತಿದ್ದ, "ಕಾಲಿಂದ ತಲೆವರ್ಗೂ ಬರೋ ಹಂಗೆ ಒಂದ್ ಫೋಟೋ ತೆಗೀಬೇಕು ನೋಡು, ಸಫಾರೀಲಿ." ಆಯ್ತಪ್ಪ, ತೆಗೆಯೋಣ ಅನ್ನುತ್ತಿದ್ದೆ. ಎಲ್ಲಿ ಹೋಗ್ತಾನೆ, ಮನೆಯಲ್ಲೇ ಇರ್ತಾನಲ್ಲ ಎಂಬ ಅಸಡ್ಡೆ.

ಒಂದು ಬಟ್ಟೆಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನಮ್ಮ ತಾತನ ವಿಷಯ ಹೇಳಬೇಕು. ತಾತ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುತ್ತಿದ್ದವನು ಅವನು. ಊರಿಗೆಲ್ಲ ನೀರು ಹಂಚಿದವನಿಗೆ ಊರ ದೊಡ್ಡವರ ಮನೆ ಮುಂದೆ ಅಂಗಿ ತೊಟ್ಟು ಹಾಯುವ ಹಾಗಿರಲಿಲ್ಲ. ಆ ಬೀದಿ ಬಂದರೆ ಅಂಗಿ ಬಿಚ್ಚಿ ಕಂಕುಳಿಗೆ, ಹೆಗಲ ಟವಲು ಸೊಂಟಕ್ಕೆ. ಅಪ್ಪ ಹುಡುಗನಾಗಿದ್ದಾಗ ಇದನ್ನು ಕಣ್ಣಾರೆ ಕಂಡಿದ್ದ. ನಮ್ಮ ನಡುಮನೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟು ತೊಟ್ಟವರ ಪಟ. ಆ ಕೋಟು ಯಾಕೆ ಅಷ್ಟು ಮುಖ್ಯ ಎಂದು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ಗೊತ್ತಿದ್ದೂ ನಾನು ಮಾಡಿದ್ದೇನು ಎಂಬುದು ಮುಂದಿನ ಕಥೆ.

ನಾನು ಸುಜಾತ. ರಾಮಮೂರ್ತಿ ನಗರದ ಮುಖ್ಯರಸ್ತೆಯಲ್ಲಿ ಅನ್ವರ್ ಭಾಯ್ ಅವರ ಸ್ಟುಡಿಯೋದಲ್ಲಿ ಕೆಲಸ. ಪಾಸ್‌ಪೋರ್ಟ್ ಸೈಜ್, ಸ್ಟಾಂಪ್ ಸೈಜ್, ನಾಮಕರಣ, ಸೀಮಂತ, ಇವೇ ನಮ್ಮ ಪ್ರಪಂಚ. ಸ್ಟುಡಿಯೋ ಒಳಗೆ ಕನ್ನಡಿಯ ಪಕ್ಕದ ಮೊಳೆಗೆ ಒಂದು ಕಪ್ಪು ಕೋಟು, ಗಂಟು ಹಾಕಿಯೇ ಇಟ್ಟ ಒಂದು ಕೆಂಪು ಟೈ. ಕೆಲಸದ ಅರ್ಜಿಗೆ ಫೋಟೋ ಬೇಕೆಂದು ಬರುವ ಗಾರೆಯವರು, ಡ್ರೈವರುಗಳು, ಡೆಲಿವರಿ ಹುಡುಗರು ಅದನ್ನೇ ತೊಟ್ಟು ಕೂರುತ್ತಾರೆ. ಲೈನಿಂಗ್ ಹರಿದಿದೆ, ಫೋಟೋದಲ್ಲಿ ಕಾಣುವುದಿಲ್ಲ. ನಾನು ಹೊಸದಾಗಿ ಸೇರಿದಾಗ ಅನ್ವರ್ ಭಾಯ್ ಒಂದೇ ಪಾಠ ಹೇಳಿಕೊಟ್ಟಿದ್ದರು. "ಹೆಂಗ್ ಕಾಣ್ಬೇಕು ಅಂತ ಕೂತೋರ್ನ ಕೇಳಮ್ಮಾ, ನಿನ್ ಕ್ಯಾಮೆರಾನ ಕೇಳ್ಬೇಡ." ಆಗ ಅದು ಪಾಠ ಎಂದೇ ಅನ್ನಿಸಿರಲಿಲ್ಲ.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ರಸ್ತೆಗಳು ಮುಳುಗಿದವು, ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಬಸ್ಸುಗಳು ಗಂಟೆಗಟ್ಟಲೆ ನಿಂತವು, ಎಲ್ಲರೂ ಮಳೆಯನ್ನು ಬೈದರು. ಆದರೆ ನಮ್ಮ ಕೆರೆ ಎಷ್ಟೋ ವರ್ಷದ ಮೇಲೆ ತುಂಬಿತು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಹೆಜ್ಜಾರ್ಲೆಗಳು ಬಂದಿಳಿದವು. ಹಿಂದೆಯೇ ಬಣ್ಣದ ಕೊಕ್ಕರೆ, ನೀರುಕಾಗೆ, ಹಣೆಗೆ ಬಿಳಿ ಬಳಿದುಕೊಂಡ ನಾಮದ ಕೋಳಿ. ಬೆಳಗಿನ ಜಾವ ನೀರಿನ ಮೇಲೆ ಮಂಜು, ಮಂಜಿನೊಳಗೆ ಅಷ್ಟು ದೊಡ್ಡ ಹಕ್ಕಿ ಸದ್ದಿಲ್ಲದೆ ತೇಲುವುದನ್ನು ನೋಡಿದರೆ ಇದು ನಮ್ಮೂರೇನಾ ಎನ್ನಿಸುತ್ತಿತ್ತು. ಏರಿಯ ಆಚೆ ಬದಿಯಲ್ಲಿ, ತಾತ ನೀರು ಬಿಡುತ್ತಿದ್ದ ಗದ್ದೆಗಳು ಇದ್ದ ಕಡೆ, ಈಗ ಒಂದು ದೊಡ್ಡ ಅಪಾರ್ಟ್‌ಮೆಂಟ್. ಅಲ್ಲಿಯವರ ಫೋಟೋಗ್ರಫಿ ಕ್ಲಬ್ಬೊಂದು ಪ್ರತಿ ಭಾನುವಾರ ಬೆಳಗ್ಗೆ ಕೆರೆಗೆ ಬರಲು ಶುರು ಮಾಡಿತು. ಅದಕ್ಕೆ ಅವರು ಇಟ್ಟುಕೊಂಡ ಹೆಸರು 'ಲೇಕ್ ಸಫಾರಿ'.

ಕ್ಲಬ್ಬಿನ ಮುಖಂಡ ನಿಖಿಲ್. ಆಗ ಸರ್ ಎನ್ನುತ್ತಿದ್ದೆ, ಈಗ ಆ ಪದಕ್ಕೆ ನಾಲಿಗೆ ಏಳುವುದಿಲ್ಲ. ನಮ್ಮ ಸ್ಟುಡಿಯೋಗೆ ಯಾವುದೋ ವೀಸಾ ಫೋಟೋಗೆಂದು ಬಂದವನು ನಾನು ಕೆರೆ ಪಕ್ಕದ ಊರಿನವಳೇ ಎಂದು ತಿಳಿದು, "ವಾವ್, ಯು ಶುಡ್ ಜಾಯಿನ್ ಅಸ್, ಸುಜಿ" ಎಂದ. ಸುಜಾತ ಎಂಬ ಮೂರಕ್ಷರ ಅವನಿಗೆ ಉದ್ದವಾಯಿತು. ನನಗೆ ಆಗ ಅದೂ ಖುಷಿಯೇ. ಸುಳ್ಳು ಯಾಕೆ ಹೇಳಲಿ, ಆ ಭಾನುವಾರಗಳು ನನ್ನ ಜೀವನದ ಒಳ್ಳೆಯ ಬೆಳಗುಗಳು. ನನ್ನ ಮೊಣಕೈಯಿಂದ ಬೆರಳಿನವರೆಗೆ ಉದ್ದವಿದ್ದ ಲೆನ್ಸನ್ನು ಅವರು ನನ್ನ ಕೈಗೆ ಕೊಟ್ಟರು. ಮೊದಲ ಸಲ ಅದರೊಳಗಿಂದ ನೋಡಿದಾಗ ಹೆಜ್ಜಾರ್ಲೆಯ ಕೊಕ್ಕಿನ ಚೀಲದ ಮೇಲೆ ನೀರಿನ ಹನಿ ನಿಂತಿರುವುದು ಕಂಡಿತು. ಉಸಿರು ಬಿಗಿಹಿಡಿದು ಒತ್ತಿದೆ. ಮನೆಗೆ ಬಂದು ಅಪ್ಪನಿಗೆ ತೋರಿಸಿದರೆ ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಫಿನಿಶಿಂಗ್ ಚೆನ್ನಾಗೈತೆ" ಅಂದ. ಅಪ್ಪನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಕ್ಲಬ್ಬಿನವರಿಗೆ ಹಕ್ಕಿಗಳ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ನಿಯಮಗಳ ಪಟ್ಟಿಯನ್ನೇ ಕಳಿಸಿದ್ದರು. ಹತ್ತಿರ ಹೋಗಬಾರದು, ಫ್ಲ್ಯಾಶ್ ಹಾಕಬಾರದು, ತಿಂಡಿ ಎಸೆದು ಕರೆಯಬಾರದು, ಗೂಡಿನ ಮುಂದಿನ ಒಂದು ಎಲೆಯನ್ನೂ ಸರಿಸಬಾರದು, ಹಕ್ಕಿ ಹೇಗಿದೆಯೋ ಹಾಗೇ ಇರಬೇಕು, ನಾವು ಹೇಳಿದ ಹಾಗೆ ಅದು ನಿಲ್ಲಬಾರದು. ಕ್ಯಾಮೆರಾಗಳನ್ನೆಲ್ಲ ಸೈಲೆಂಟ್ ಮೋಡಿನಲ್ಲಿ ಇಡಬೇಕು, ಶಟರ್ ಸದ್ದಿಗೆ ಹಕ್ಕಿ ಬೆಚ್ಚಬಾರದಲ್ಲ. ಒಂದು ದಿನ ನಾನು ಗೊತ್ತಿಲ್ಲದೆ ಜೊಂಡು ಬಗ್ಗಿಸಿದ್ದಕ್ಕೆ ಮೇಘನಾ ಎಂಬಾಕೆ, "ಸುಜಿ, ಪ್ಲೀಸ್, ಡಿಗ್ನಿಟಿ ಆಫ್ ದಿ ಸಬ್ಜೆಕ್ಟ್" ಎಂದು ಪಿಸುಗುಟ್ಟಿ ಗದರಿದ್ದಳು. ಸಬ್ಜೆಕ್ಟ್ ಎಂದರೆ ಅವತ್ತು ಒಂದು ನೀರುಕಾಗೆ. ಎಷ್ಟು ಒಳ್ಳೆಯ ಜನ ಅಂದುಕೊಂಡೆ.

ಜನವರಿ ಹೊತ್ತಿಗೆ ಅವರಿಗೆ ಹಕ್ಕಿ ಸಾಕಾಯಿತು. ಇಂದಿರಾನಗರದ ಒಂದು ಗ್ಯಾಲರಿಯಲ್ಲಿ ಪ್ರದರ್ಶನ ಮಾಡುವುದೆಂದು ಗೊತ್ತಾಗಿತ್ತು, ಅದಕ್ಕೆ ಕೆರೆಯ ಜನರೂ ಬೇಕಿತ್ತು. "ಲೋಕಲ್ ಪೀಪಲ್, ಸುಜಿ. ಯಾರಾದ್ರೂ ಓಲ್ಡ್ ಮ್ಯಾನ್, ಕೆರೆ ಜೊತೆ ಕನೆಕ್ಷನ್ ಇರೋರು?" ಎಂದ ನಿಖಿಲ್. ನಮ್ಮ ತಾತ ಈ ಕೆರೆಯ ನೀರುಗಂಟಿ, ಅಪ್ಪ ಈ ಏರಿಯ ಮೇಲೇ ಆಡಿ ಬೆಳೆದವನು ಎಂದು ಬೀಗುತ್ತ ಹೇಳಿದೆ. ಅವನ ಕಣ್ಣು ಅರಳಿತು. ನನಗೂ ಒಳಗೊಳಗೇ ಹಿಗ್ಗು. ಅಪ್ಪನ ಫೋಟೋ ಇಂದಿರಾನಗರದ ಗೋಡೆಯ ಮೇಲೆ!

ಮನೆಗೆ ಬಂದು ಒಂದೇ ಉಸಿರಿಗೆ ಹೇಳಿದೆ. "ಅಪ್ಪ, ಭಾನ್ವಾರ ಬೆಳಗ್ಗೆ ಸಫಾರಿ. ನೀನೂ ಬರ್ಬೇಕಂತೆ. ನಿನ್ ಫೋಟೋ ತೆಗೀತಾರಂತೆ."

ಅಪ್ಪ ಪೇಪರ್ ಕೆಳಗಿಟ್ಟ. "ಸಫಾರೀನಾ? ಅವ್ರೇ ಹೇಳಿದ್ರಾ?"

"ಹೂಂ, ಅವ್ರೇ ಹೇಳಿದ್ದು."

"ಸರಿ ಬಿಡು" ಅಂದ. ನಾನು ನನ್ನ ಸಂಭ್ರಮದಲ್ಲಿ ಅವನ ಮುಖ ನೋಡಲಿಲ್ಲ.

ಶನಿವಾರ ಅಪ್ಪ ಬೀರು ತೆಗೆದು ಸಫಾರಿ ಆಚೆ ತೆಗೆದ. ಇಸ್ತ್ರಿ ಗಾಡಿಯವನ ಹತ್ತಿರ ತಾನೇ ತಗೊಂಡು ಹೋಗಿ, ಪಕ್ಕದಲ್ಲೇ ನಿಂತು, ಜೇಬಿನ ಮುಚ್ಚಳ ಮಡಚದ ಹಾಗೆ ತೀಡಿಸಿದ. ಕ್ಷೌರ ಮಾಡಿಸಿದ, ಶೂಗೆ ಪಾಲಿಶ್ ಹಾಕಿದ. ನಾನು ಸ್ಟುಡಿಯೋದಲ್ಲಿದ್ದೆ, ಇದ್ಯಾವುದೂ ಗೊತ್ತಿಲ್ಲ. ಭಾನುವಾರ ಇನ್ನೂ ಮಬ್ಬು ಇರುವಾಗ ಎದ್ದು ಬಂದರೆ ಅಪ್ಪ ನಡುಮನೆಯಲ್ಲಿ ನಿಂತಿದ್ದಾನೆ, ಬಿಸ್ಕತ್ತು ಬಣ್ಣದ ಸಫಾರಿ, ಎದೆ ಜೇಬಿನಲ್ಲಿ ಪೆನ್ನು, ಬಾಚಿದ ತಲೆ, ಸುತ್ತಲೂ ನುಸಿಗುಳಿಗೆಯ ವಾಸನೆ. ನನಗೆ ನಗು ತಡೆಯಲಿಲ್ಲ. ಅಮ್ಮ ಬಂದು ಏನೇ ಅಂದಳು. ನಾನು ಹೊಟ್ಟೆ ಹಿಡಿದುಕೊಂಡು, ಅವರು ಸಫಾರಿ ಅಂದಿದ್ದು ಬಟ್ಟೆಗಲ್ಲ, ಪ್ರಾಣಿ ಪಕ್ಷಿ ನೋಡೋದಕ್ಕೆ ಹೋಗೋದನ್ನ ಎಂದು ವಿವರಿಸಿದೆ. ಅಮ್ಮನೂ ನಕ್ಕಳು. ಅಪ್ಪನೂ ನಕ್ಕ, ಆಮೇಲೆ ಕೋಟಿನ ಅಂಚು ಎಳೆದು ಸರಿಮಾಡಿಕೊಂಡ.

"ಅವ್ರ ಸಫಾರಿ ಅವ್ರಿಗೆ, ನನ್ ಸಫಾರಿ ನಂಗೆ. ನಡಿ ಹೋಗಣ."

ಏರಿಯ ಮೇಲೆ ನಮ್ಮನ್ನು ಕಂಡ ನಿಖಿಲನ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮದುವೆ ಊಟದಲ್ಲಿ ಎಲೆಯ ಮೇಲೆ ಬೇಡದ ಪಲ್ಯ ಬಿದ್ದವರ ಮುಖ. ಅಪ್ಪನಿಗೆ ನಮಸ್ಕಾರ ಮಾಡಿ, ನನ್ನನ್ನು ಪಕ್ಕಕ್ಕೆ ಕರೆದ. "ಸುಜಿ, ಏನಿದು? ಆರ್‌ಟಿಓ ಏಜೆಂಟ್ ಥರ ಇದಾರೆ. ಇದು ವರ್ಕ್ ಆಗಲ್ಲ. ಸಮ್‌ಥಿಂಗ್ ಅಥೆಂಟಿಕ್ ಬೇಕು. ಲುಂಗಿ ಇಲ್ವಾ? ಶರ್ಟ್ ಇಲ್ದೆ?"

"ಅವ್ರಿಗೆ ಈ ಡ್ರೆಸ್ಸಲ್ಲಿ ಒಂದು ಫೋಟೋ ಬೇಕು ಅಂತ ಆಸೆ ಸರ್. ಫುಲ್ ಲೆಂತ್" ಅಂದೆ.

"ಶ್ಯೂರ್, ಶ್ಯೂರ್. ಅಂಕಲ್ ಖುಷಿಗೆ ಒಂದು ತೆಗೆಯೋಣ" ಅಂದು, ಅಪ್ಪನನ್ನು ಏರಿಯ ಮೇಲೆ ನಿಲ್ಲಿಸಿ, ಕ್ಯಾಮೆರಾ ಕಣ್ಣಿಗೆ ಹಿಡಿದು, ಸೂಪರ್ ಅಂಕಲ್ ಎಂದ. ಅಪ್ಪ ಎದೆ ಸೆಟೆಸಿ, ಕೈ ಪಕ್ಕಕ್ಕೆ ಬಿಟ್ಟು, ಗಲ್ಲ ಎತ್ತಿ ನಿಂತಿದ್ದ. ಹಿಂದೆ ಕೆರೆ. ಕಾಲಿಂದ ತಲೆವರೆಗೆ.

ಆಮೇಲೆ ಮೇಘನಾ ಕಾರಿನಿಂದ ಒಂದು ಚೌಕಳಿ ಲುಂಗಿ ತಂದಳು. ಹೊಸದು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಇನ್ನೊಬ್ಬ ಒಂದು ಬೀಸುಬಲೆ ತಂದ, ಅದು ಅವರ ಕ್ಲಬ್‌ಹೌಸಿನ ಗೋಡೆಗೆ ಅಲಂಕಾರಕ್ಕೆಂದು ನೇತುಹಾಕಿದ್ದ ಬಲೆ. ಅಂದರೆ ಇವರು ಮೊದಲೇ ಎಲ್ಲ ಸಿದ್ಧ ಮಾಡಿಕೊಂಡು ಬಂದಿದ್ದರು. ನಮ್ಮ ಮನೆತನದಲ್ಲಿ ಯಾರೂ ಬಲೆ ಮುಟ್ಟಿದವರಲ್ಲ. ತಾತ ನೀರುಗಂಟಿ, ಅಪ್ಪ ಟರ್ನರ್. ಇದನ್ನು ನಾನು ಅಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಬಿಸಿಲು ಏರುವ ಮೊದಲು ಮುಗಿಸಬೇಕು ಎನ್ನುತ್ತಿದ್ದರು, ಮುಂದಿನ ಭಾನುವಾರವೂ ಆ ಲೆನ್ಸ್ ನನ್ನ ಕೈಗೆ ಬರಬೇಕಿತ್ತು.

ಅಪ್ಪನ ಹತ್ತಿರ ಹೋದೆ. "ಅಪ್ಪ, ಇದನ್ನ ಬಿಚ್ಚಿ, ಲುಂಗಿ ಉಟ್ಕೊಂಡು ಒಂದು ಫೋಟೋ ಬೇಕಂತೆ. ಮೇಲೆ ಏನೂ ಬೇಡ್ವಂತೆ."

ಅಪ್ಪ ನನ್ನ ಮುಖವನ್ನೇ ನೋಡಿದ. "ಅವ್ರು ಹೇಳ್ತಿದಾರಾ, ನೀನ್ ಹೇಳ್ತಿದೀಯಾ?"

ಅವರು ಹೇಳಿದ್ದು ಎಂದಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. "ನಾನೇ ಹೇಳ್ತಿದೀನಪ್ಪ" ಅಂದೆ.

ಅಪ್ಪ ಏರಿಯ ಪಕ್ಕದ ಹುಣಸೆಮರದ ಹಿಂದೆ ಹೋಗಿ ಬಟ್ಟೆ ಬದಲಿಸಿ ಬಂದ. ಕೋಟನ್ನು ಇಸ್ತ್ರಿಯ ಗೆರೆ ಹಿಡಿದೇ ಮಡಚಿ, ಪ್ಯಾಂಟನ್ನು ಅದರೊಳಗೆ ಇಟ್ಟು, ನನ್ನ ಎಡಗೈ ಮೇಲೆ ಹಾಕಿದ. ಅರವತ್ತೆಂಟು ವರ್ಷದ ಮೈ ಚಳಿಗೆ ಮುಳ್ಳೆದ್ದಿತ್ತು. ನೀರಿಗಿಳಿ ಅಂದರು, ಇಳಿದ. ಬಲೆ ಹೆಗಲಿಗೆ ಅಂದರು, ಹಾಕಿಕೊಂಡ. ಕೂದಲು ಕೆದರಿ ಅಂಕಲ್ ಅಂದರು, ಬಾಚಿದ ತಲೆಯನ್ನು ತಾನೇ ಕೆದರಿಕೊಂಡ. ನಗಬೇಡಿ ಅಂದರು. ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಹೆಜ್ಜಾರ್ಲೆಗಳು ಹಾರುವುದು ಫ್ರೇಮಿನೊಳಗೆ ಬರಬೇಕೆಂದು, ನೀರು ಬಡಿದು ಓಡಿಸಿ ಎಂದೂ ಹೇಳಿದರು. ಎಲೆ ಸರಿಸಬಾರದು ಎಂದವರೇ! ಅಪ್ಪ ಅದೊಂದನ್ನು ಮಾಡಲಿಲ್ಲ. "ಅವು ಪಾಡಿಗವು ಇರ್ಲಿ ಬಿಡಿ" ಅಂದ.

ಮುಖದ ಮೇಲೆ ಬೆಳಕು ಸಾಲದು ಎಂದು ನನ್ನ ಕೈಗೆ ಒಂದು ರಿಫ್ಲೆಕ್ಟರ್ ಕೊಟ್ಟರು, ಬಿಸಿಲನ್ನು ತಿರುಗಿಸಿ ಆಳಿನ ಮೇಲೆ ಬಿಡುವ ಬೆಳ್ಳಿ ಬಣ್ಣದ ತಟ್ಟೆ. ಎಡಗೈ ಮೇಲೆ ಅಪ್ಪನ ಸಫಾರಿ, ಬಲಗೈಯಲ್ಲಿ ಆ ತಟ್ಟೆ. ಅವನ ಎಲುಬು ಎದ್ದ ಎದೆಯ ಮೇಲೆ ಬೆಳಕು ಬಿಟ್ಟವಳು ನಾನು. ನಿಖಿಲನ ಮೇಲಿನ ಸಿಟ್ಟು ಬರೆದರೆ ಇಳಿಯಬಹುದು, ಇದನ್ನು ಏನು ಮಾಡಲಿ?

ಮನೆಗೆ ಬರುವಾಗ ಅಪ್ಪ ಪುನಃ ಸಫಾರಿ ತೊಟ್ಟಿದ್ದ, ಆದರೆ ಕಾಲು ಒದ್ದೆಯಾಗಿದ್ದರಿಂದ ಶೂ ಕೈಯಲ್ಲಿ ಹಿಡಿದುಕೊಂಡಿದ್ದ. ಏನಾಯಿತೆಂದು ಕೇಳಿದ ಅಮ್ಮನಿಗೆ ನಾನೇ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಿಮ್ ತಾತ ಬಿಚ್ಚಿದ್ದು ಊರೋರಿಗೆ ಹೆದ್ರಿ. ನಿಮ್ಮಪ್ಪ ಯಾರಿಗ್ ಹೆದ್ರಿ ಬಿಚ್ಚಿದ್ದೇ? ಹೇಳು." ಅಪ್ಪ ಒಳಗಿನಿಂದ, "ಬಿಡೇ, ಮಗಳು ಕೇಳಿದ್ಲು, ಮಾಡ್ದೆ. ಸಫಾರಿ ಫೋಟೋನೂ ತೆಗ್ದವ್ರೆ" ಅಂದ. ಅದೊಂದು ಸಮಾಧಾನ ಅವನಿಗೆ. ಆಮೇಲೆ ಒಂದು ತಿಂಗಳು ನಾನು ಸ್ಟುಡಿಯೋಗೆ ಹೊರಡುವಾಗೆಲ್ಲ, "ಆ ಫೋಟೋ ಬಂತೇನಮ್ಮಾ?" ಎಂದು ಕೇಳುತ್ತಿದ್ದ. ನಾನು ನಿಖಿಲನನ್ನು ಕೇಳಿದರೆ, "ಎಕ್ಸಿಬಿಷನ್‌ಗೆ ಬನ್ನಿ, ಸರ್ಪ್ರೈಸ್ ಇದೆ" ಎನ್ನುತ್ತಿದ್ದ.

ಫೆಬ್ರವರಿ ಕೊನೆಯಲ್ಲಿ ಪ್ರದರ್ಶನ. ಅಪ್ಪ ನಾನೂ ಬರ್ತೀನಿ ಅಂದ. ಮತ್ತೆ ಸಫಾರಿ, ಮತ್ತೆ ಪಾಲಿಶ್ ಹಾಕಿದ ಶೂ. ಈ ಸಲ ನಾನು ನಗಲಿಲ್ಲ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹತ್ತಿ ಇಂದಿರಾನಗರಕ್ಕೆ ಬಂದೆವು. ಗ್ಯಾಲರಿ ಬಾಗಿಲಲ್ಲಿ ಕೂತಿದ್ದ ಹುಡುಗಿ ನನ್ನನ್ನು ಒಳಗೆ ಬಿಟ್ಟು, ಅಪ್ಪನಿಗೆ, "ಡ್ರೈವರ್ಸ್ ಕೆಳಗಡೆ ವೇಟ್ ಮಾಡ್ಬೇಕು" ಅಂದಳು. ಮೈಯೆಲ್ಲ ಉರಿಯಿತು. ಇವರು ನಮ್ಮಪ್ಪ, ಒಳಗಿರೋದು ಇವರ ಫೋಟೋ ಅಂದೆ. ಅವಳು ಸಾರಿ ಅಂದಳು, ಸಾರಿಗೇನು ಕಮ್ಮಿ.

ಒಳಗೆ ಸಾಲಾಗಿ ಹಕ್ಕಿಗಳು. ಪ್ರತಿ ಹಕ್ಕಿಯ ಕೆಳಗೂ ಬಿಳಿ ಚೀಟಿ, ಅದರಲ್ಲಿ ಎರಡೆರಡು ಹೆಸರು, ಇಂಗ್ಲಿಷಿನದೊಂದು, ಲ್ಯಾಟಿನ್ನಿನದೊಂದು. ಹೆಜ್ಜಾರ್ಲೆಗೆ ಎರಡು ಹೆಸರು, ನೀರುಕಾಗೆಗೆ ಎರಡು ಹೆಸರು, ನಾಮದ ಕೋಳಿಗೂ ಎರಡು. ಕೊನೆಯ ಗೋಡೆಯ ತುಂಬ, ಆಳುದ್ದಕ್ಕೆ, ಕಪ್ಪುಬಿಳುಪಿನಲ್ಲಿ ಅಪ್ಪ. ಮೊಣಕಾಲುದ್ದ ನೀರು, ಚೌಕಳಿ ಲುಂಗಿ, ಹೆಗಲಿಗೆ ಬಲೆ, ಕೆದರಿದ ತಲೆ. ಎದೆಯ ಒಂದೊಂದು ಎಲುಬೂ ಎಣಿಸುವ ಹಾಗೆ ಕಾಣುತ್ತಿತ್ತು, ಬೆಳಕು ಅಷ್ಟು ಚೆನ್ನಾಗಿ ಬಿದ್ದಿತ್ತು. ಅಪ್ಪ ಅದರ ಮುಂದೆ ನಿಂತು ನೋಡಿದ. ಆಮೇಲೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಇನ್ನೊಂದು ಎಲ್ಲಿ ಎಂದು ಹುಡುಕುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು.

ಹಿಂದಿನಿಂದ ಇಬ್ಬರು ಬಂದರು, ಒಬ್ಬಳು ಮೊಬೈಲ್ ಎತ್ತಿ ಹಿಡಿದಿದ್ದಳು. "ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ? ಫೋಟೋಗೆ ಅಡ್ಡ ಬರ್ತಿದೀರ."

ಅಪ್ಪ ಸರಿದು ನಿಂತ. ಅವರು ಗೋಡೆಯ ಮೇಲಿನ ಅಪ್ಪನ ಫೋಟೋ ತೆಗೆದುಕೊಂಡು, ಎಷ್ಟು ಪವರ್‌ಫುಲ್ ಅಲ್ವಾ ಎಂದು ಮಾತಾಡಿಕೊಂಡು ಹೋದರು. ಒಂದು ಗೇಣು ದೂರದಲ್ಲಿ ನಿಂತ ಅದೇ ಮುಖ ಅವರಿಗೆ ಕಾಣಿಸಲಿಲ್ಲ. ಅಂಗಿ ಇದ್ದದ್ದಕ್ಕೋ ಏನೋ.

"ಏನೋ ಬರ್ದವ್ರಲ್ಲ, ಓದು" ಅಂದ ಅಪ್ಪ, ಕೆಳಗಿನ ಚೀಟಿ ತೋರಿಸಿ. ಅವನಿಗೆ ಕಾರ್ಖಾನೆಯ ಡ್ರಾಯಿಂಗಿನ ಇಂಗ್ಲಿಷ್ ಬರುತ್ತದೆ, ಈ ಇಂಗ್ಲಿಷ್ ಬರುವುದಿಲ್ಲ. ಸುಳ್ಳು ಓದಬಹುದಿತ್ತು. ಒಂದು ಸಲ ಸುಳ್ಳು ಹೇಳಿ ಆಗಿತ್ತಲ್ಲ, ಸಾಕೆನಿಸಿತು. ಇದ್ದದ್ದನ್ನೇ ಕನ್ನಡದಲ್ಲಿ ಹೇಳಿದೆ. "ಕೊನೆಯ ಬೆಸ್ತ. ಹೆಸರಿಲ್ಲದ ಈ ಮುದುಕ ಕೆರೆಗೆ ಸೇರಿದವನು."

ಅಪ್ಪ ಚೀಟಿಯ ಮೇಲೆ ಬೆರಳಿಟ್ಟ. "ಹೆಸ್ರಿಲ್ದೋನಾ? ಕೇಳಿದ್ರೆ ಹೇಳ್ತಿದ್ನಲ್ಲ."

ನಿಖಿಲ್ ದೂರದಲ್ಲಿ ಯಾರೊಡನೆಯೋ ಜ್ಯೂಸ್ ಕುಡಿಯುತ್ತಿದ್ದ. ಹೋಗಿ ತೋಳು ಹಿಡಿದೇ ಎಳೆದೆ. "ನಮ್ಮಪ್ಪ ಬೆಸ್ತ ಅಂತ ನಿಮಗೆ ಯಾರ್ರೀ ಹೇಳಿದ್ದು? ಹೆಸರಿಲ್ಲ ಅಂತ ಯಾರ್ ಹೇಳಿದ್ದು? ಅವತ್ತು ತೆಗೆದ ಸಫಾರಿ ಫೋಟೋ ಎಲ್ಲಿ?"

"ಸುಜಿ, ಕಾಮ್ ಡೌನ್. ಅದು ಕ್ಯಾಪ್ಷನ್ ಅಷ್ಟೆ, ಪೊಯೆಟಿಕ್ ಆಗಿ ಇರ್ಲಿ ಅಂತ."

"ಸಫಾರಿ ಫೋಟೋ ಎಲ್ಲಿ?"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅಂಕಲ್‌ಗೆ ಹೇಳ್ಬೇಡಿ. ಅದನ್ನ ನಾನು ಕ್ಲಿಕ್ ಮಾಡ್ಲೇ ಇಲ್ಲ. ಸುಮ್ನೆ ಕ್ಯಾಮೆರಾ ಹಿಡಿದೆ. ಖುಷಿಯಾದ್ರಲ್ಲ?"

ಕ್ಯಾಮೆರಾ ಸೈಲೆಂಟ್ ಮೋಡಿನಲ್ಲಿತ್ತು. ಹಕ್ಕಿಗಳು ಬೆಚ್ಚಬಾರದೆಂದು. ಸದ್ದು ಬಾರದ್ದು ನನಗೆ ಅನುಮಾನ ತರಲಿಲ್ಲ. ದಿನವೂ ಫೋಟೋ ತೆಗೆಯುವ ನಾನೇ ಮೋಸ ಹೋದ ಮೇಲೆ ಎದೆ ಸೆಟೆಸಿ ನಿಂತ ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಒತ್ತಲು ಒಂದು ಬೆರಳು ಸಾಕಿತ್ತು. ಆ ಬೆರಳಿನ ಶ್ರಮವನ್ನೂ ಅವನು ನಮ್ಮಪ್ಪನಿಗೆ ಕೊಡಲಿಲ್ಲ. ನೀರುಕಾಗೆಯೊಂದು ರೆಕ್ಕೆ ಒಣಗಿಸುವುದನ್ನು ಇದೇ ಮನುಷ್ಯ ಒಂದೇ ಬೆಳಗ್ಗೆ ನೂರಾರು ಸಲ ಒತ್ತಿದ್ದನ್ನು ನಾನು ನೋಡಿದ್ದೆ. ಅಲ್ಲಿ ಕಿರುಚಾಡಿದೆನೋ ಅತ್ತೆನೋ ಸರಿಯಾಗಿ ನೆನಪಿಲ್ಲ. ಜನ ತಿರುಗಿ ನೋಡಿದ್ದು ನೆನಪಿದೆ.

ನೋಡಿದರೆ ಅಪ್ಪ ಗೋಡೆಯ ಹತ್ತಿರ ಬಗ್ಗಿದ್ದಾನೆ. ಎದೆ ಜೇಬಿನ ಪೆನ್ನು ತೆಗೆದು ಆ ಬಿಳಿ ಚೀಟಿಯ ಮೇಲೆ, ಇಂಗ್ಲಿಷ್ ಸಾಲುಗಳ ಕೆಳಗೆ, ದುಂಡನೆಯ ಅಕ್ಷರದಲ್ಲಿ ಬರೆಯುತ್ತಿದ್ದಾನೆ. ಮುನಿವೆಂಕಟಪ್ಪ. ಟರ್ನರ್, ಟೂಲ್ ರೂಮ್. ಟೋಕನ್ ನಂಬರ್ ೬೧೭.

ಅಪ್ಪನ ಕಾರ್ಖಾನೆಯಲ್ಲಿ ಅದೇ ಪದ್ಧತಿ. ಮಾಡಿದ ಪ್ರತಿ ಪೀಸಿನ ಮೇಲೂ ಮಾಡಿದವನ ಟೋಕನ್ ನಂಬರ್ ಕೊರೆಯಬೇಕು. ಯಾರ ಕೈಕೆಲಸ ಎಂದು ಗೊತ್ತಿಲ್ಲದ್ದು ಗೇಟು ದಾಟಿ ಆಚೆ ಹೋಗುವ ಹಾಗಿಲ್ಲ. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿ, "ನಡಿಯಮ್ಮಾ" ಅಂದ. ಗೊಂದಲದಲ್ಲಿ ಮನೆಗೆ ವಿರುದ್ಧ ದಿಕ್ಕಿನ ಬಸ್ಸು ಹತ್ತಿಬಿಟ್ಟಿದ್ದೆವು, ಹಲಸೂರು ಬಂದಾಗಲೇ ಗೊತ್ತಾದದ್ದು. ಹಲಸೂರು ಕೆರೆಯ ಹತ್ತಿರ ಇಳಿದು, ರಸ್ತೆ ದಾಟಿ, ಮನೆ ಕಡೆಯ ಬಸ್ಸಿಗೆ ಕಾದು ನಿಂತಾಗ ಅಪ್ಪ ಕೇಳಿದ, "ತೆಗ್ದೇ ಇಲ್ಲ ಅಂದ್ನಾ ಅವ್ನು?" ನಿಖಿಲ್ ದನಿ ತಗ್ಗಿಸಿದ್ದರೂ ನನ್ನ ಕೂಗಾಟ ಅಪ್ಪನಿಗೆ ಕೇಳಿಸಿತ್ತು. ಹೂಂ ಅಂದೆ.

ಮಾರನೆಯ ದಿನ ಕ್ಲಬ್ಬಿನ ಗ್ರೂಪಿನಲ್ಲಿ ಸಂದೇಶ. ಯಾರೋ ಪ್ರದರ್ಶನದ ಚೀಟಿಯನ್ನು ಗೀಚಿ ಹಾಳುಮಾಡಿದ್ದಾರೆ, ಹೊಸ ಚೀಟಿ ಅಂಟಿಸಲಾಗಿದೆ, ಕಲಾಕೃತಿಗಳನ್ನು ದಯವಿಟ್ಟು ಗೌರವಿಸಿ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಆ ಫೋಟೋದಲ್ಲಿರುವವರ ಹೆಸರು ಮುನಿವೆಂಕಟಪ್ಪ, ಗೀಚಿದವರೂ ಅವರೇ ಎಂದು ಬರೆದು ಗ್ರೂಪಿನಿಂದ ಆಚೆ ಬಂದೆ. ಉತ್ತರ ಬರಲಿಲ್ಲ, ಹೆಸರೂ ಬರಲಿಲ್ಲ. ಪ್ರದರ್ಶನ ಮುಗಿಯುವವರೆಗೆ ಅಪ್ಪ ಹೆಸರಿಲ್ಲದವನಾಗಿಯೇ ಆ ಗೋಡೆಯ ಮೇಲೆ ಇದ್ದ.

ಸ್ಟುಡಿಯೋದಲ್ಲಿ ಅನ್ವರ್ ಭಾಯ್ ಎಲ್ಲ ಕೇಳಿಸಿಕೊಂಡರು. ನನ್ನನ್ನು ಸಮಾಧಾನ ಮಾಡಲಿಲ್ಲ. ಮೊಳೆಯ ಮೇಲಿನ ಕಪ್ಪು ಕೋಟಿನ ಧೂಳು ಕೊಡವುತ್ತ, "ಇಷ್ಟ್ ವರ್ಷದಲ್ಲಿ ಈ ಕೋಟನ್ನ ಎಷ್ಟ್ ಜನಕ್ಕೆ ತೊಡಿಸಿದೀವಿ ನಾವು, ಹಾಂ? ನಮ್ಮದು ತೊಡಿಸೋ ಅಂಗಡಿ ಅಮ್ಮಾ. ನಿನ್ಗೆ ಅದು ಮರ್ತ್ ಹೋಯ್ತು" ಅಂದರು. ಬೈದದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ಹಗುರಾಗುತ್ತಿತ್ತು.

ಅವತ್ತು ಬೀರು ಸೇರಿದ ಸಫಾರಿ ಮತ್ತೆ ಆಚೆ ಬಂದಿರಲಿಲ್ಲ. ಅಪ್ಪ ಆ ಫೋಟೋದ ಮಾತು ಒಂದು ದಿನವೂ ಎತ್ತಲಿಲ್ಲ, ನಾನೂ ಎತ್ತುವ ಧೈರ್ಯ ಮಾಡಲಿಲ್ಲ. ಮದುವೆಗಳಿಗೆ ಬಿಳಿ ಶರ್ಟು ಹಾಕಿಕೊಂಡು ಹೋಗುತ್ತಾನೆ.

ಹೋದ ವಾರ ಆ ಕವರು ಕೈಗೆ ಸಿಕ್ಕಾಗ ಮೂರು ವರ್ಷ ಕಟ್ಟಿಟ್ಟ ಮಾತನ್ನು ಇವತ್ತು ಹೇಳಿಯೇ ಬಿಡುತ್ತೇನೆ ಅಂದುಕೊಂಡೆ. ಕವರು ಬಿಚ್ಚಿ, ಸಫಾರಿಯನ್ನು ಕೊಡವಿ, ಎಡಗೈ ಮೇಲೆ ಹಾಕಿಕೊಂಡು ನಡುಮನೆಗೆ ಬಂದೆ. ಅಪ್ಪ ಪೇಪರ್ ಓದುತ್ತಿದ್ದ.

"ಅಪ್ಪ, ಏಳು. ಸ್ಟುಡಿಯೋಗೆ ಹೋಗಣ. ನಾನೇ ಫೋಟೋ ತೆಗೀತೀನಿ."

ಅಪ್ಪ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ, ಕೈ ಮೇಲಿದ್ದ ಸಫಾರಿ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂಬ ಉದ್ದೇಶವೂ ಇರಲಿಲ್ಲ. ಮುಂಚಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು ಎಂಬ ಹಾಗೆ ಕೇಳಿದ.

"ಹಾಕ್ಕೊಳ್ಳಕ್ಕಾ, ಬಿಚ್ಚಕ್ಕಾ?"